ದ್ವಿತೀಯ ಪುತ್ರಿಯ ಇರವು

ನನ್ನ ಮದುವೆಗೆ ನಾನು ಹೋಗಿರಲಿಲ್ಲ. ಬೆಳ್ತಂಗಡಿಯಲ್ಲಿ ನಾನು ಕನ್ನಡ ಕಲಿಸುವ ಶಾಲೆಯ ಸ್ಟಾಫ್ ರೂಮಿನಲ್ಲಿ ಒಮ್ಮೆ ಈ ಮಾತು ಹೇಳಿದಾಗ ಎಲ್ಲರೂ ನಕ್ಕರು. ಹೊಸದಾಗಿ ಬಂದಿದ್ದ ವಿಜ್ಞಾನದ ಟೀಚರ್ ಮಾತ್ರ ನಗದೆ, "ಹಾಗಾದ್ರೆ ಮತ್ತೆ ಹೋದದ್ದು ಯಾರು ಟೀಚರ್?" ಎಂದು ಕೇಳಿದರು. ಹೋದವರಿಗೇನು ಕಡಿಮೆ! ನನ್ನ ಉಪ್ಪ, ಅಂದರೆ ಅಪ್ಪ, ಹೋಗಿದ್ದರು. ಮದುಮಗ ಹೋಗಿದ್ದ. ಅವನ ಕಡೆಯವರು ಮುಂಡಾಜೆಯಿಂದ ಬಸ್ಸು ಮಾಡಿಕೊಂಡು ಬಂದಿದ್ದರು. ಬೇಲಿಯ ವಿಷಯದಲ್ಲಿ ಉಪ್ಪನೊಡನೆ ಮಾತು ಬಿಟ್ಟಿದ್ದ ನೆರೆಮನೆಯವರೂ ಅತ್ತರು ಹಚ್ಚಿಕೊಂಡು ಹೋಗಿದ್ದರು. ನಾನು ಮಾತ್ರ ತೋಡಾರಿನ ನಮ್ಮ ಮನೆಯ ಒಳಕೋಣೆಯಲ್ಲಿ, ಪಳ್ಳಿಯಿಂದ, ಅಂದರೆ ಮಸೀದಿಯಿಂದ, ಕೂಗಳತೆಯ ದೂರದಲ್ಲಿ, ಮಂಚದ ಮೇಲೆ ಕತ್ತು ಬಗ್ಗಿಸಿ ಕೂತಿದ್ದೆ.

ನಮ್ಮಲ್ಲಿ ಪದ್ಧತಿ ಹಾಗೆ. ಹುಡುಗಿಯ ಒಪ್ಪಿಗೆಯನ್ನು ಮನೆಯಲ್ಲಿ ಮೊದಲೇ ಕೇಳಿರುತ್ತಾರೆ. ಆಮೇಲೆ ಪಳ್ಳಿಯಲ್ಲಿ ಅಪ್ಪ ಮದುಮಗನ ಕೈ ಹಿಡಿದು, ನನ್ನ ಮಗಳನ್ನು ನಿನಗೆ ನಿಕಾಹ್ ಮಾಡಿ ಕೊಟ್ಟೆ ಎನ್ನುತ್ತಾನೆ, ಅವನು ಒಪ್ಪಿದೆ ಎನ್ನುತ್ತಾನೆ, ಮುಗಿಯಿತು. ಇದರ ಮೇಲೆ ನನಗೆ ದೊಡ್ಡ ಸಿಟ್ಟೇನೂ ಇಲ್ಲ. ಗಂಡಸರು ಬೆವರುತ್ತಾ ಒತ್ತಿಕೊಂಡು ಕೂರುವ ಪಳ್ಳಿಗಿಂತ ಫ್ಯಾನಿನ ಕೆಳಗಿನ ಮಂಚವೇ ಸುಖ. ನನ್ನ ಜಗಳ ಇದ್ದದ್ದು ಅದಕ್ಕೂ ಮೊದಲಿನ ಸಂಗತಿಯ ಮೇಲೆ, ಮದುವೆಗೆ ಕರೆಯುವ ಕಾಗದದ ಮೇಲೆ.

ತೊಂಬತ್ತರ ದಶಕದಲ್ಲಿ ನಮ್ಮ ಕಡೆಯ ಮದುವೆಯ ಕಾಗದ ನೋಡಿದವರಿಗೆ ಗೊತ್ತು. ಮದುಮಗನ ಹೆಸರು ದಪ್ಪ ಅಕ್ಷರದಲ್ಲಿ, ಅವನ ಡಿಗ್ರಿ, ಆವರಣದಲ್ಲಿ ದುಬಾಯಿ. ಅವನ ಅಪ್ಪನ ಹೆಸರು, ಅಜ್ಜನ ಹೆಸರು, ಮನೆಯ ಹೆಸರು. ಹುಡುಗಿ ಇರುವ ಜಾಗದಲ್ಲಿ 'ನನ್ನ ದ್ವಿತೀಯ ಪುತ್ರಿ'. ಅಷ್ಟೆ. ಊಟದ ಹೊತ್ತಿಗೂ ಕಾಗದದಲ್ಲಿ ಸ್ವಂತದ್ದೊಂದು ಸಾಲು ಇರುತ್ತಿತ್ತು, ಹುಡುಗಿಗೆ ಇಲ್ಲ.

ಉಪ್ಪನಿಗೆ ತೋಡಾರಿನ ರಸ್ತೆ ಬದಿಯಲ್ಲಿ ಜೀನಸಿನ ಅಂಗಡಿ. ಅಂಗಡಿ ಮುಂದೆ, ಮನೆ ಹಿಂದೆ, ಮಧ್ಯೆ ಒಂದು ಬಾಗಿಲು, ಬಾಗಿಲಿಗೆ ಹೂವಿನ ಚಿತ್ತಾರದ ಒಂದು ಪರದೆ. ಅಂಗಡಿಯಲ್ಲಿ ಗಿರಾಕಿಗಳಿರುವಾಗ ಉಪ್ಪ ನಮ್ಮ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಹೆಣ್ಣುಮಕ್ಕಳ ಹೆಸರು ಗಂಡಸರ ಕಿವಿಗೆ ಯಾಕೆ ಬೀಳಬೇಕು ಎಂಬುದು ಅವರ ಮರ್ಯಾದೆ. ಅದರ ಬದಲು ತೂಕದ ಬಟ್ಟನ್ನು ತೆಗೆದು ಮರದ ಮೇಜಿನ ಮೇಲೆ ಕುಟ್ಟುತ್ತಿದ್ದರು. ಒಂದು ಸಲ ಕುಟ್ಟಿದರೆ ಅಕ್ಕ, ಎರಡು ಸಲ ನಾನು, ಮೂರು ಸಲ ತಂಗಿ ಸಫಿಯಾ. ಟಕ್ ಟಕ್ ಎಂದರೆ ನಾನು ಎಲ್ಲಿದ್ದರೂ "ಬಂದೆ ಉಪ್ಪಾ" ಎಂದು ಎದ್ದು ಓಡಬೇಕು. ಶಾಲೆಯಲ್ಲಿ ಡಸ್ಟರಿನಿಂದ ಮೇಷ್ಟ್ರು ಮೇಜಿಗೆ ಎರಡೇಟು ಹಾಕಿದಾಗ ಎದ್ದು ನಿಂತು ಪೆಟ್ಟು ತಿಂದವಳು ನಾನು.

ಇಸ್ಲಾಮಿನ ತತ್ತ್ವಶಾಸ್ತ್ರ ಎಂದರೆ ಬಗ್ದಾದಿನ ಯಾವುದೋ ಹಳೆಯ ಗ್ರಂಥಾಲಯದ ಧೂಳು ಎಂದುಕೊಳ್ಳುವವರಿದ್ದಾರೆ. ನಮಗೆ ಅದು ಹಾಲುಹಲ್ಲು ಬೀಳುವ ವಯಸ್ಸಿನಲ್ಲೇ ಬಂತು. ಬೆಳಿಗ್ಗೆ ಮದ್ರಸ, ಆಮೇಲೆ ಶಾಲೆ. ಮದ್ರಸದಲ್ಲಿ ಅಲ್ಲಾಹನ ಗುಣಗಳನ್ನು ಮಗ್ಗಿಯ ಹಾಗೆ ರಾಗ ಎಳೆದು ಬಾಯಿಪಾಠ ಮಾಡಬೇಕಿತ್ತು. ಮೊಟ್ಟಮೊದಲ ಗುಣ ವುಜೂದ್. ಎಂದರೆ ಇರವು, ಇರುವಿಕೆ. ಶಕ್ತಿ, ಜ್ಞಾನ ಎಲ್ಲ ಆಮೇಲೆ, ಮೊದಲು ಇರವು. ಅದಕ್ಕೆ ಎದುರಾದದ್ದು ಅದಮ್, ಇಲ್ಲದಿರುವಿಕೆ. ಅದು ಅವನಿಗೆ ಅಸಾಧ್ಯ. ನಾನು ಆಗಲೇ ಸ್ವಲ್ಪ ಅಧಿಕಪ್ರಸಂಗಿ. "ಉಸ್ತಾದ್, ನಮಗೆ ವುಜೂದ್ ಉಂಟಾ?" ಎಂದು ಕೇಳಿದೆ. ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ನಮ್ಮ ಉಸ್ತಾದರು ಗಡ್ಡ ನೀವಿಕೊಂಡು ಹೇಳಿದರು: "ಉಂಟು. ಆದ್ರೆ ಅವನದ್ದು ಸ್ವಂತದ್ದು, ನಮ್ಮದು ಕೊಟ್ಟದ್ದು. ಕೊಟ್ಟವ ವಾಪಸ್ ಕೇಳುವ ವರೆಗೆ ಅದನ್ನು ನಿನ್ನಿಂದ ಕಿತ್ಕೊಳ್ಳಲಿಕ್ಕೆ ಯಾರಿಗೂ ಆಗುದಿಲ್ಲ." ಆ ಕೊನೆಯ ಮಾತನ್ನು ನಾನು ಗಂಟು ಹಾಕಿ ಇಟ್ಟುಕೊಂಡೆ. ಇಂಥ ಮಾತನ್ನು ನನ್ನಂಥ ಹುಡುಗಿಗೆ ಹೇಳಬಾರದಿತ್ತು ಎಂದು ಉಪ್ಪ ಆಮೇಲೆ ಎಷ್ಟೋ ಸಲ ಹಲುಬಿದ್ದುಂಟು.

ಮೂಡಬಿದಿರೆಯ ಕಾಲೇಜಿಗೆ ಸೇರಿದ ಮೇಲೆ ಲೈಬ್ರರಿಯ ಮೂಲೆಯಲ್ಲಿ ಇಸ್ಲಾಮಿನ ತತ್ತ್ವಜ್ಞಾನದ ಮೇಲೆ ಇಂಗ್ಲಿಷಿನ ಒಂದು ದಪ್ಪ ಪುಸ್ತಕ ಸಿಕ್ಕಿತು. ನನ್ನ ಇಂಗ್ಲಿಷಿಗೆ ಅದು ಗುಡ್ಡ ಹತ್ತಿದ ಹಾಗೆ, ಆದರೆ ಹತ್ತಿದೆ. ಅದರಲ್ಲಿ ಸಾವಿರ ವರ್ಷಗಳ ಹಿಂದಿನ ಒಬ್ಬ ವೈದ್ಯ ಬರುತ್ತಾನೆ. ಹಗಲು ನಾಡಿ ನೋಡುವುದು, ಬಿಡುವಿನಲ್ಲಿ ಇರವಿನ ನಾಡಿ ಹಿಡಿಯುವುದು ಅವನ ಕೆಲಸ. ಅವನು ಹೇಳುತ್ತಾನೆ: ಒಂದು ವಸ್ತು 'ಏನು' ಎಂಬುದು ಬೇರೆ, ಅದು 'ಇದೆ' ಎಂಬುದು ಬೇರೆ. ಅನ್‌ಖಾ ಎಂಬ ಹಕ್ಕಿಯನ್ನು ಅರಬರೆಲ್ಲ ಬಣ್ಣಿಸುತ್ತಾರೆ, ಉದ್ದ ಕತ್ತು, ಅಗಲ ರೆಕ್ಕೆ, ಬೆಟ್ಟದ ಮೇಲೆ ವಾಸ. ಎಲ್ಲ ಸರಿ, ಆದರೆ ಅಂಥ ಹಕ್ಕಿ ಇಲ್ಲ. ಎಷ್ಟು ಬಣ್ಣಿಸಿದರೂ ಬಣ್ಣನೆಯಿಂದ ಇರವು ಹುಟ್ಟುವುದಿಲ್ಲ. ಮುಂದೆ ಪರ್ಷಿಯಾದವರು ಈ ಮಾತು ಹಿಡಿದು ತಲೆಮಾರುಗಟ್ಟಲೆ ಜಗಳವಾಡಿದರಂತೆ. ಇರವೇ ನಿಜ, 'ಏನು' ಎಂಬುದು ನಾವು ಅಂಟಿಸುವ ಚೀಟಿ ಎಂದು ಒಬ್ಬ. ಅಲ್ಲ, ಇರವು ಎಂಬುದೇ ನಮ್ಮ ಮನಸ್ಸಿನ ಲೆಕ್ಕ ಎಂದು ಇನ್ನೊಬ್ಬ. ನಾನು ಒಂದು ಕ್ಷಣವೂ ಯೋಚಿಸದೆ ಮೊದಲನೆಯವನ ಪಕ್ಷ ಸೇರಿದೆ.

ಯಾಕೆಂದರೆ ಚೀಟಿಗಳ ಕಾಟ ನನಗೆ ಚೆನ್ನಾಗಿ ಗೊತ್ತಿತ್ತು. ಬಸ್ಸಿನಲ್ಲಿ ಕಂಡಕ್ಟರನಿಗೆ ನಾನು 'ತೋಡಾರು'. "ತೋಡಾರು ಮುಂದೆ ಬನ್ನಿ" ಎಂದರೆ ಊರಲ್ಲ, ನಾನು ಮುಂದೆ ಹೋಗಬೇಕು. ಗಿರಾಕಿಗಳಿಗೆ 'ಅಂಗಡಿಯವರ ಎರಡನೆಯವಳು'. ಉಮ್ಮನಿಗೆ, ಅಂದರೆ ಅಮ್ಮನಿಗೆ, 'ಮೋಳು', ಬರೀ ಮಗಳು. ಉಪ್ಪನಿಗೆ ಎರಡು ಕುಟ್ಟು. ಎಲ್ಲವೂ ನಾನು ಏನು ಎಂದು ಹೇಳುವಂಥವು. ನಾನು ಇದ್ದೇನೆ ಎಂದು ಹೇಳುವ ಒಂದೂ ಇಲ್ಲ. ಅನ್‌ಖಾ ಹಕ್ಕಿಗಾದರೂ ರೆಕ್ಕೆ ಇತ್ತು.

ಮದುವೆ ಗೊತ್ತಾದಾಗ ನಾನು ಉಪ್ಪನಿಗೆ ಹೇಳಿದೆ, ಹುಡುಗ ಒಪ್ಪಿಗೆ, ಮನೆ ಒಪ್ಪಿಗೆ, ಆದರೆ ಕಾಗದದಲ್ಲಿ ನನ್ನ ಹೆಸರು ಬೇಕು. ಮನೆಯಲ್ಲಿ ನಾವು ಆಡುವುದು ಬ್ಯಾರಿ ಮಾತು, ನಿಮಗಾಗಿ ಕನ್ನಡದಲ್ಲಿ ಬರೆಯುತ್ತೇನೆ. ಉಪ್ಪ ಸಿಟ್ಟಾಗಲಿಲ್ಲ, ಬೆಚ್ಚಿಬಿದ್ದರು.

"ನಿನ್ನ ಅಕ್ಕನ ಕಾಗದದಲ್ಲಿ ಇತ್ತಾ? ನಿನ್ನ ಉಮ್ಮನ ಕಾಗದದಲ್ಲಿ ಇತ್ತಾ?"

"ಇರ್ಲಿಲ್ಲ. ಅದಕ್ಕೇ ಕೇಳುದು."

"ಕಾಗದ ಯಾರ ಯಾರ ಕೈಗೆ ಹೋಗ್ತದೆ ಗೊತ್ತುಂಟಾ ನಿನಗೆ? ಓದಿ ಬಿಸಾಡ್ತಾರೆ, ಅದರಲ್ಲಿ ಕಡ್ಲೆ ಕಟ್ಟಿ ಕೊಡ್ತಾರೆ, ಕಡ್ಲೆ ತಿಂದು ರಸ್ತೆಗೆ ಹಾಕ್ತಾರೆ. ನಿನ್ನ ಹೆಸರಿನ ಮೇಲೆ ಬಸ್ಸು ಹೋಗ್ಬೇಕಾ?"

ನೋಡಿ, ಇದು ಪ್ರೀತಿಯ ಮಾತು. ಅದೇ ಕಷ್ಟ. ಕಡ್ಲೆ ಕಟ್ಟುವ ಕಾಗದದ ಗತಿ ಅಂಗಡಿಯವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎದುರಿನವರು ಕೆಟ್ಟವರಾಗಿದ್ದರೆ ಜಗಳವಾಡುವುದು ಸುಲಭ, ಮರ್ಯಾದೆಯಿಂದ ನಮ್ಮನ್ನು ಅಳಿಸುವವರೊಡನೆ ಹೇಗೆ ಜಗಳವಾಡುವುದು? ನನಗೆ ಅಳು ಬಂತು, ಅಳಲಿಲ್ಲ. "ಹಾಗಾದ್ರೆ ಮದುಮಗನ ಹೆಸರಿನ ಮೇಲೆ ಬಸ್ಸು ಹೋಗಬಹುದಾ?" ಎಂದು ಕೇಳಿದೆ. ಉಪ್ಪ ಎದ್ದು ಅಂಗಡಿಗೆ ಹೋಗಿ ಗಿರಾಕಿಯೇ ಇಲ್ಲದೆ ಸಕ್ಕರೆ ತೂಗತೊಡಗಿದರು.

ನಾನು ಸುಮ್ಮನಿರಲಿಲ್ಲ. ಮೂಡಬಿದಿರೆಯ ಪ್ರೆಸ್ಸಿಗೆ ಹೋದೆ. ಪ್ರೆಸ್ಸಿನ ಸಂಜೀವಣ್ಣ ನಮ್ಮವರ ಕಾಗದ ಛಾಪಿಸುವುದರಲ್ಲಿ ಎಷ್ಟು ಪಳಗಿದ್ದರೆಂದರೆ, ಪ್ರಥಮ ಪುತ್ರಿ, ದ್ವಿತೀಯ ಪುತ್ರಿ, ತೃತೀಯ ಪುತ್ರಿ ಎಂದು ಸೀಸದ ಮೊಳೆಗಳನ್ನು ಮೊದಲೇ ಜೋಡಿಸಿ, ನೂಲು ಸುತ್ತಿ ಕಪಾಟಿನಲ್ಲಿ ಇಟ್ಟಿದ್ದರು. ಮದುವೆ ಬಂದಾಗ ತೆಗೆದು ಕೂರಿಸುವುದು, ಮುಗಿದ ಮೇಲೆ ತೊಳೆದು ಇಡುವುದು. ನನ್ನ ಅಕ್ಕನ ಮದುವೆಯಲ್ಲಿ ಛಾಪಾದ ಪ್ರಥಮ ಪುತ್ರಿ ಆಮೇಲೆ ಕಲ್ಲಡ್ಕದ ಯಾರಿಗೋ, ಬಂಟ್ವಾಳದ ಯಾರಿಗೋ ಪುತ್ರಿಯಾಗಿ ಮದುವೆಯಾಗಿ ಬಂದಿದ್ದಳು. ನಾನು ನನ್ನ ಬೇಡಿಕೆ ಹೇಳಿದೆ. ಅವರು ಕನ್ನಡಕ ಹಣೆಗೆ ಏರಿಸಿ ನನ್ನನ್ನು ನೋಡಿದರು.

"ನಿಮ್ಮ ತಂದೆಯವರು ಒಂದು ಮಾತು ಹೇಳಿದ್ರೆ ಇವತ್ತೇ ಹಾಕ್ತೇನೆ ಮಾರಾಯ್ತಿ. ನೀವು ಹೇಳಿ ನಾನು ಹಾಕಿದ್ರೆ, ಮತ್ತೆ ನನಗೆ ಆ ರಸ್ತೆಯಲ್ಲಿ ಹೋಗ್ಲಿಕ್ಕುಂಟಾ?"

ಉಪ್ಪ ಕೊನೆಗೆ ನನ್ನನ್ನು ಒಪ್ಪಿಸಲು ಉಸ್ತಾದರನ್ನೇ ಕರೆಸಿದರು. ಉಸ್ತಾದರು ಅಂಗಡಿಯ ಬೆಂಚಿನ ಮೇಲೆ ಕೂತರು, ನಾನು ಪರದೆಯ ಈಚೆ ನಿಂತೆ. ವಯಸ್ಸಾಗಿತ್ತು ಅವರಿಗೆ, ದನಿ ಮಾತ್ರ ಮದ್ರಸದ ಕಾಲದ್ದೇ.

"ಏನು ಮೋಳೇ, ನಿನ್ನ ತಕರಾರು?"

"ದ್ವಿತೀಯ ಪುತ್ರಿ ಅಂದ್ರೆ ನಾನು ಏನು ಅಂತ ಆಯ್ತು ಉಸ್ತಾದ್. ನಾನು ಇದ್ದೇನೆ ಅಂತ ಎಲ್ಲಿ ಆಯ್ತು? ವುಜೂದ್ ಕಿತ್ಕೊಳ್ಳಲಿಕ್ಕೆ ಯಾರಿಗೂ ಆಗುದಿಲ್ಲ ಅಂತ ನೀವೇ ಹೇಳಿದ್ದು."

ಪರದೆಯ ಆಚೆ ಚಹಾದ ಲೋಟ ಕೆಳಗಿಟ್ಟ ಸದ್ದು. ಆಮೇಲೆ ಉಸ್ತಾದರು ನನ್ನನ್ನು ಬಿಟ್ಟು ಉಪ್ಪನಿಗೆ ಪಾಠ ಶುರುಮಾಡಿದರು. "ನಿಮ್ಮ ತಕ್ಕಡಿ ನೋಡಿ. ಅಲ್ಲಾಹ್ ಬಿಟ್ಟು ಉಳಿದದ್ದೆಲ್ಲ ಹೀಗೆ. ಒಂದು ತಟ್ಟೆಯಲ್ಲಿ ಇರವು, ಇನ್ನೊಂದರಲ್ಲಿ ಇಲ್ಲದಿರುವುದು, ಎರಡೂ ಸಮ. ನೀವು ಇರಬಹುದು, ಇಲ್ಲದೆಯೂ ಇರಬಹುದು. ತಟ್ಟೆ ತನ್ನಷ್ಟಕ್ಕೆ ಕೆಳಗೆ ಬರುದಿಲ್ಲ. ಇರವಿನ ಬದಿಗೆ ಬೆರಳು ಇಡುವವ ಒಬ್ಬ ಬೇಕು."

ಉಪ್ಪನ ಮುಖ ಕೆಂಪಾದದ್ದು ಪರದೆಯ ಸಂದಿನಿಂದ ಕಂಡಿತು. "ನನ್ನ ತಕ್ಕಡಿಗೆ ನಾನು ಯಾವತ್ತೂ ಬೆರಳು ಇಟ್ಟವನಲ್ಲ ಉಸ್ತಾದ್! ಊರಲ್ಲಿ ಯಾರನ್ನು ಬೇಕಾದ್ರೂ ಕೇಳಿ!"

ಹೀಗೆ ಇರವಿನ ಪ್ರಶ್ನೆ ತೂಕದ ಪ್ರಾಮಾಣಿಕತೆಯ ಪ್ರಶ್ನೆಯಾಗಿ, ಉಸ್ತಾದರು ಉಪ್ಪನನ್ನು ಸಮಾಧಾನಪಡಿಸುವುದರಲ್ಲೇ ಚಹಾ ಮುಗಿಯಿತು. ಹೊರಡುವಾಗ ಪರದೆಯ ಕಡೆ ತಿರುಗಿ ಹೇಳಿದರು, "ಕಾಗದ ನಿನ್ನ ಉಪ್ಪನದ್ದು ಮೋಳೇ, ಅದರಲ್ಲಿ ನಾನು ಕೈ ಹಾಕುದಿಲ್ಲ. ನಿಕಾಹ್ ನಡೆಸುದು ಮಾತ್ರ ನಾನು." ಇದು ಸೋಲಿನ ಮಾತೆಂದೇ ನಾನು ತಿಳಿದೆ. ಕಾಗದ 'ದ್ವಿತೀಯ ಪುತ್ರಿ'ಯೊಂದಿಗೆ ಬಂತು. ಗೆಳತಿಯರಿಗೆ ಕೊಡುವ ಕಾಗದಗಳಲ್ಲಿ ಪುತ್ರಿಯ ಪಕ್ಕ ನಾನು ಬಾಲ್‌ಪೆನ್ನಿನಲ್ಲಿ ನನ್ನ ಹೆಸರು ಬರೆದೆ. "ಇದೆಂತದು, ಪರೀಕ್ಷೆ ಪೇಪರಿನ ಹಾಗೆ?" ಎಂದು ಒಬ್ಬಳು ಕೇಳಿದಳು. ಪರೀಕ್ಷೆಯೇ ಅಲ್ಲವೇ?

ಮದುವೆಯ ದಿನ ಬಂತು. ಲೈಬ್ರರಿಯ ಪುಸ್ತಕದ ಆ ವೈದ್ಯನ ಇನ್ನೊಂದು ಮಾತು ನನಗೆ ನೆನಪಾದದ್ದು ಆ ದಿನ. ಒಬ್ಬ ಮನುಷ್ಯನನ್ನು ಕಲ್ಪಿಸಿಕೊಳ್ಳಿ ಎನ್ನುತ್ತಾನೆ ಅವನು. ಈಗ ತಾನೇ ಸೃಷ್ಟಿಯಾಗಿ ಗಾಳಿಯಲ್ಲಿ ತೇಲುತ್ತಿದ್ದಾನೆ. ಕಣ್ಣಿಗೆ ಮುಸುಕು. ಕೈಕಾಲು ಒಂದಕ್ಕೊಂದು ತಾಗದ ಹಾಗೆ ಚಾಚಿವೆ. ಏನೂ ಕಾಣದು, ಕೇಳದು, ಮುಟ್ಟದು. ತನಗೊಂದು ದೇಹ ಉಂಟೆಂಬುದೂ ಅವನಿಗೆ ಗೊತ್ತಿಲ್ಲ. ಆದರೂ 'ನಾನು ಇದ್ದೇನೆ' ಎಂಬುದು ಅವನಿಗೆ ಗೊತ್ತಿರುತ್ತದೆಯೇ? ಗೊತ್ತಿರುತ್ತದೆ ಎನ್ನುತ್ತಾನೆ ವೈದ್ಯ. ಈ ಸೋಜಿಗವನ್ನು ಕಲ್ಪಿಸಲು ಅವನು ಅಷ್ಟು ತಲೆಕೆಡಿಸಿಕೊಳ್ಳಬೇಕಿರಲಿಲ್ಲ, ನಮ್ಮೂರಿನ ಯಾವ ಮದುಮಗಳನ್ನು ಕೇಳಿದ್ದರೂ ಸಾಕಿತ್ತು. ಮುಖದ ಮೇಲೆ ಜರಿಯ ಮುಸುಕು. ಮೆಹಂದಿ ಹಾಳಾದೀತೆಂದು ಅಂಗೈ ಬಿಡಿಸಿ ಇಡಬೇಕು, ಸೀರೆ ಮುದುಡೀತೆಂದು ಅಲುಗಬಾರದು, ನಾಚಿಕೆಯಿಲ್ಲ ಎಂದಾರೆಂದು ಮಾತಾಡಬಾರದು. ಚಿಕ್ಕಮ್ಮಂದಿರು ನನ್ನ ಬಗ್ಗೆಯೇ ಮಾತಾಡುತ್ತಿದ್ದರು, ನನ್ನೊಡನೆ ಯಾರೂ ಮಾತಾಡುತ್ತಿರಲಿಲ್ಲ. ನಾನು ತೇಲುತ್ತಿದ್ದೆ. ನಾನು ಇದ್ದೆ. ಸಿಟ್ಟಿನಲ್ಲಿ ಇದ್ದೆ, ಆದರೆ ಇದ್ದೆ.

ಅಷ್ಟರಲ್ಲಿ ಪಳ್ಳಿಯ ಮೈಕು ಗೊರಗೊರ ಎಂದಿತು. ನಮಾಜಿಗೆ ಕರೆಯುವ ಬಾಂಗ್ ಕೊಡುವ ಮೈಕು ಅದು, ತೋಡಾರಿನ ಮೂಲೆ ಮೂಲೆಗೂ ಕೇಳುತ್ತದೆ. ಅದನ್ನು ನಿಕಾಹ್‌ನ ಹೊತ್ತಿಗೆ ಹಾಕಿದ್ದು ನಾನು ಮೊದಲು ಕೇಳಿರಲಿಲ್ಲ. ಉಸ್ತಾದರ ಪ್ರಾರ್ಥನೆ ಕೇಳಿತು. ಆಮೇಲೆ ಉಪ್ಪನ ದನಿ. "ನನ್ನ ದ್ವಿತೀಯ ಪುತ್ರಿಯನ್ನು..." ಕಾಗದದ ಮಾತೇ ಅವರ ಬಾಯಿಗೆ ಬಂದಿತ್ತು.

"ಹೆಸರು ಹೇಳಿ," ಎಂದರು ಉಸ್ತಾದರು.

"ನನ್ನ ಎರಡನೇ ಮಗಳು..."

"ಹೆಸರು."

ಉಪ್ಪನ ಕಷ್ಟ ನನಗೆ ಇಲ್ಲಿಂದಲೇ ಕಾಣುತ್ತಿತ್ತು. ಎದುರಿಗೆ ಊರಿನ ಗಂಡಸರೆಲ್ಲ, ಗಿರಾಕಿಗಳೆಲ್ಲ. ಜೀವಮಾನವಿಡೀ ಅವರೆದುರು ಹೇಳದೆ ಕಾಪಾಡಿದ ಹೆಸರು ನಾಲಿಗೆಗೆ ಹೇಗೆ ಬರಬೇಕು? ಆಗ ಮೈಕಿನಲ್ಲಿ ಸದ್ದು ಕೇಳಿತು. ಮರದ ಪೀಠದ ಮೇಲೆ ಬೆರಳಿನ ಗೆಣ್ಣು. ಟಕ್ ಟಕ್.

ನಾನು ಎದ್ದು ನಿಂತೆ. ಮುಸುಕು ಜಾರಿತು. "ಬಂದೆ ಉಪ್ಪಾ!" ಎಂದು ಕೂಗಿಯೂಬಿಟ್ಟೆ. ಚಿಕ್ಕಮ್ಮಂದಿರು ಬಾಯಿ ಮೇಲೆ ಕೈ ಇಟ್ಟುಕೊಂಡರು. ಸಫಿಯಾ ನಗು ತಡೆಯಲಾರದೆ ದಿಂಬಿನಲ್ಲಿ ಮುಖ ಹುದುಗಿಸಿದಳು. ಇರವಿನ ಬಗ್ಗೆ ಅಷ್ಟೆಲ್ಲ ಓದಿದವಳು, ತೂಕದ ಬಟ್ಟಿನ ಅಭ್ಯಾಸಕ್ಕೆ ಮದುವೆಯ ದಿನವೂ ಎದ್ದು ನಿಂತಿದ್ದೆ.

"ಕುಟ್ಟುದು ಬೇಡ," ಎಂದರು ಮೈಕಿನಲ್ಲಿ ಉಸ್ತಾದರು. "ಬಾಯಿ ಬಿಟ್ಟು ಹೆಸರು ಹೇಳಿ."

ಉಪ್ಪ ಹೇಳಿದರು. ಹೇಳಿದ್ದಲ್ಲ, ಕೂಗಿದರು, ಸಿಟ್ಟಿಗೋ, ಭಯಕ್ಕೋ, ಇನ್ಯಾವುದಕ್ಕೋ. ನನ್ನ ಹೆಸರು ಮೈಕಿನಿಂದ ಹೊರಟು ಗೋಡಂಬಿ ಮರಗಳ ಮೇಲಿಂದ, ರಸ್ತೆಯಲ್ಲಿ ನಿಂತ ಬಸ್ಸಿನ ಮೇಲಿಂದ, ಮುಚ್ಚಿದ ನಮ್ಮ ಅಂಗಡಿಯ ಮೇಲಿಂದ ಬಂದು ಒಳಕೋಣೆಗೆ ನುಗ್ಗಿತು. ಆ ಕ್ಷಣ ನಾನು ಹುಟ್ಟಿದೆ ಎಂದು ಬರೆದರೆ ಚೆಂದ ಕಾಣುತ್ತದೆ. ಬರೆಯುವುದಿಲ್ಲ, ಅದು ಸುಳ್ಳು. ಕರೆಯುವ ಮೊದಲೂ ನಾನು ಇದ್ದೆ. ಊರಿಗೆ ಗೊತ್ತಾದದ್ದು ಆಗ, ಅಷ್ಟೆ. ನನಗೆ ಖುಷಿಯಾಯಿತೇ? ಆಯಿತು. ಅತ್ತುಬಿಟ್ಟೆ, ಕಾಡಿಗೆಯೆಲ್ಲ ಇಳಿಯಿತು.

ಮಧ್ಯಾಹ್ನ ಉಪ್ಪ ಮನೆಗೆ ಬಂದು ಬಾಗಿಲಲ್ಲಿ ನಿಂತರು. ಅಂಗಿ ಬೆವರಿಗೆ ಅಂಟಿತ್ತು. "ಕೇಳಿತಾ?" ಎಂದರು. "ಕೇಳಿತು" ಎಂದೆ. "ಊರಿಗೇ ಕೇಳಿತು" ಎಂದು ನೆಲ ನೋಡುತ್ತಾ ಹೇಳಿ ಬಿರಿಯಾನಿಯ ವ್ಯವಸ್ಥೆ ನೋಡಲು ಹೋದರು.

ತವರಿಗೆ ಬಂದಾಗೊಮ್ಮೆ ನಾನು ಉಸ್ತಾದರನ್ನು ಕಂಡು ಕೇಳಿದೆ. ಅಷ್ಟರಲ್ಲಿ ನಾನೂ ನಿಕಾಹ್‌ನ ನಿಯಮ ಓದಿಕೊಂಡಿದ್ದೆ. ಹುಡುಗಿ ಯಾರೆಂದು ಗೊಂದಲವಿಲ್ಲದೆ ತಿಳಿದರೆ ಸಾಕು, ಹೆಸರೇ ಆಗಬೇಕೆಂದಿಲ್ಲ. "ಎರಡನೇ ಮಗಳು ಅಂದ್ರೆ ಸಾಕಿತ್ತಲ್ಲ ಉಸ್ತಾದ್?"

"ಸಾಕಿತ್ತು," ಎಂದರು ಅವರು, ಕಣ್ಣಿನಲ್ಲಿ ತುಂಟತನ. "ಶರೀಅತ್ತಿಗೆ ಸಾಕಿತ್ತು, ನನಗೆ ಸಾಕಾಗ್ಲಿಲ್ಲ. ನಿನ್ನ ಉಪ್ಪ ತಕ್ಕಡಿಗೆ ಬೆರಳು ಇಡುವವರಲ್ಲ. ನಾನೇ ಇಟ್ಟೆ."

ಎರಡು ಸಾವಿರ ಇಸವಿ ದಾಟಿ ಸಫಿಯಾಳ ಮದುವೆ ಬಂದಾಗ ನಾನು ಮತ್ತೊಂದು ಯುದ್ಧಕ್ಕೆ ಸಿದ್ಧಳಾಗಿಯೇ ಬಂದಿದ್ದೆ. ಯುದ್ಧವೇ ಆಗಲಿಲ್ಲ. ಉಪ್ಪ ತಾವೇ ಪ್ರೆಸ್ಸಿಗೆ ಹೋಗಿದ್ದರು. "ಹೆಸರು ಸಣ್ಣದಾಯ್ತು, ಮದುಮಗನದ್ದರಷ್ಟೇ ದಪ್ಪ ಮಾಡಿ ಅಂತ ಎರಡು ಸಲ ತಿದ್ದಿಸಿದ್ರು ಮಾರಾಯ್ತಿ" ಎಂದು ಸಂಜೀವಣ್ಣ ಹೇಳಿದರು. ನೂಲು ಸುತ್ತಿದ ತೃತೀಯ ಪುತ್ರಿ ಕಪಾಟಿನಲ್ಲೇ ಉಳಿದಳು. ಮದುವೆ ಕಳೆದು ಸ್ವಲ್ಪ ಕಾಲಕ್ಕೆ, ಮೂಡಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ನಾನು ಕಡ್ಲೆ ತೆಗೆದುಕೊಂಡರೆ ಪೊಟ್ಟಣ ಆ ಕಾಗದದ್ದೇ! ಸಫಿಯಾಳ ಹೆಸರಿಗೆ ಉಪ್ಪು, ಎಣ್ಣೆ ಎಲ್ಲ ಹತ್ತಿತ್ತು. ಅಂಗಡಿಗೆ ಹೋಗಿ ಉಪ್ಪನಿಗೆ ತೋರಿಸಿದೆ. ಅವರು ಪೊಟ್ಟಣ ಬಿಡಿಸಿ, ಓದಿ, ಎರಡು ಕಡ್ಲೆ ಬಾಯಿಗೆ ಹಾಕಿಕೊಂಡು, "ಓದ್ಲಿಕ್ಕೆ ಆಗ್ತದಲ್ಲ" ಎಂದರು.

ಕೊನೆಗೆ ನಿಮ್ಮ ವಿಷಯ. ಮೊದಲಿನಿಂದ ಇಲ್ಲಿಯವರೆಗೆ ಬಂದಿರಿ, ಸಂತೋಷ. ಪ್ರೆಸ್ಸಿನವರ ಹೆಸರು ನಿಮಗೆ ಗೊತ್ತಾಯಿತು, ತಂಗಿಯ ಹೆಸರು ಗೊತ್ತಾಯಿತು, ಇಲ್ಲದ ಹಕ್ಕಿಯ ಹೆಸರೂ ಗೊತ್ತಾಯಿತು. ನನ್ನ ಹೆಸರು? ಎರಡನೆಯ ಮಗಳು ಎಂದೆ, ಟೀಚರ್ ಎಂದೆ, ಅಷ್ಟಕ್ಕೇ ಒಪ್ಪಿಕೊಂಡು ಪುಟ ಮಗುಚಿದಿರಿ. ಪಾಪ ಉಪ್ಪನನ್ನು ನಾನು ಸುಮ್ಮನೆ ಬೈದೆ ಅನ್ನಿಸುತ್ತದೆ. ಇರಲಿ, ಈಗಲಾದರೂ ಬರೆದುಕೊಳ್ಳಿ. ನನ್ನ ಹೆಸರು ಮೈಮೂನ. ಬಾಯಿ ಬಿಟ್ಟು ಗಟ್ಟಿಯಾಗಿ ಹೇಳಿ. ಕುಟ್ಟಿದರೆ ಇನ್ನು ನಾನು ಏಳುವುದಿಲ್ಲ.